ಒಂದು ದಿನದ ನಿರುದ್ಯೋಗ

ನೌಕರಿ ಹೋದ ದಿನ ಸಿಹಿ ಮಾಡಿಸಿಕೊಂಡು ತಿಂದ ಗಂಡಸು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅದೂ ಒಂದು ಸಲವಲ್ಲ, ಪ್ರತಿ ವರ್ಷ. ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ತಾತ್ಕಾಲಿಕ ಗುಮಾಸ್ತನಾಗಿದ್ದೆ. ನಮ್ಮಂಥವರು ಮುಂದೆ ಹಕ್ಕು ಕೇಳಬಾರದೆಂದು ವರ್ಷಕ್ಕೊಂದು ದಿನ ಕೆಲಸದಿಂದ ತೆಗೆದು, ಮರುದಿನ ಹೊಸದಾಗಿ ನೇಮಿಸುತ್ತಿದ್ದರು. ಅದಕ್ಕೆ ಬ್ರೇಕ್ ಎಂದು ಹೆಸರು. ನನ್ನ ಹೆಂಡತಿ ಸರೋಜಳ ಲೆಕ್ಕಾಚಾರವೇ ಬೇರೆ. "ನಾಳೆ ನಿಮ್ಗೆ ಹೊಸ ಕೆಲ್ಸ ಸಿಗ್ತದಲ್ಲ" ಎಂದು ಒಬ್ಬಟ್ಟು ತಟ್ಟುತ್ತಿದ್ದಳು. ವರ್ಷವರ್ಷವೂ ಗಂಡನಿಗೆ ಸರ್ಕಾರಿ ನೌಕರಿ ಸಿಗುವ ಭಾಗ್ಯ ಎಷ್ಟು ಹೆಂಗಸರಿಗಿದೆ?

ಆ ದಿನವೂ ನಾನು ಮನೆಯಲ್ಲಿ ಕೂತವನಲ್ಲ. "ಬಂದ್ಬಿಡಿ, ನೀವಿಲ್ದೆ ಬಿಲ್ಲು ಹೋಗಲ್ಲ. ಹಾಜರಿ ಬುಕ್ಕಲ್ಲಿ ಸಹಿ ಮಾತ್ರ ಹಾಕ್ಬೇಡಿ" ಎಂದು ಸಾಹೇಬರು ಹೇಳಿಕಳುಹಿಸುತ್ತಿದ್ದರು. ನಾನಿಲ್ಲದೆ ಕಚೇರಿ ನಡೆಯದೆಂಬ ಜಂಬದಲ್ಲಿ ಒಬ್ಬಟ್ಟಿನ ಡಬ್ಬಿ ಹಿಡಿದು ಹೋಗಿ ಸಂಜೆಯವರೆಗೆ ದುಡಿದು ಬರುತ್ತಿದ್ದೆ.

ನಾನು ಖಾಯಂ ಆಗುವ ಹೊತ್ತಿಗೆ ಹಳೆಯ ಪಿಂಚಣಿ ನಿಂತುಹೋಗಿತ್ತು. ತಾತ್ಕಾಲಿಕ ಸೇವೆಯನ್ನೂ ಸೇರಿಸಿಕೊಂಡರೆ ಮಾತ್ರ ಅದು ನನಗೆ ದಕ್ಕುತ್ತಿತ್ತು. ನಿವೃತ್ತನಾಗಿ ಚಿಕ್ಕಬಳ್ಳಾಪುರದ ಕಚೇರಿಗೆ ಅಲೆದಾಗ ಅಲ್ಲಿನ ಹುಡುಗಿ, "ಸರ್, ನಿಮ್ ಸರ್ವೀಸು ಮಧ್ಯೆಮಧ್ಯೆ ಕಟ್ ಆಗಿದೆ. ಕಟ್ ಆದ ದಿನಾನೂ ಕೆಲ್ಸ ಮಾಡಿದ್ದು ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡ್ಬನ್ನಿ" ಎಂದಳು. ಸಾಹೇಬರು ತೀರಿಕೊಂಡಿದ್ದರು. ಉಳಿದವರು ಪಕ್ಕದ ಮೇಜಿನಲ್ಲಿದ್ದ ಬಾಷಾ ಸಾಬರು. ಈಗ ಚಿಂತಾಮಣಿಯಲ್ಲಿ ಮಗನ ಅಂಗಡಿ ನೋಡಿಕೊಂಡಿದ್ದಾರೆ, ಸುಳ್ಳು ಹೇಳಿದವರಲ್ಲ. ಕರೆದ ತಕ್ಷಣ ಬಸ್ಸು ಹತ್ತಿ ಬಂದರು.

"ಆ ದಿನ ಇವ್ರು ಕೆಲ್ಸ ಮಾಡಿದ್ರಾ?" ಎಂದು ಹುಡುಗಿ ಕೇಳಿದಳು.

"ಮಾಡಿರ್ತಾರಮ್ಮ. ನಂಗೆ ಒಬ್ಬಟ್ಟು ಜ್ಞಾಪಕ. ಕಾಯಿ ಒಬ್ಬಟ್ಟು."

"ಅಂದ್ರೆ ಅವತ್ತು ಹಬ್ಬಾನಾ?"

ಸಾಬರು ಬೆರಳು ಮಡಿಸಿ ವರ್ಷಗಳನ್ನು ಎಣಿಸಿದರು. "ಇವರ ಮನೇಲಿ ಹಬ್ಬಾನೇ ಇರ್ಬೇಕು. ಪ್ರತಿ ವರ್ಷ ತರ್ತಿದ್ರು."

ಹುಡುಗಿ 'ಹಬ್ಬದ ರಜೆ' ಎಂದು ಬರೆದುಕೊಂಡಳು. ನನ್ನ ಪಿಂಚಣಿಯ ಕಥೆ ಅಲ್ಲಿಗೆ ಮುಗಿಯಿತು. ಹೊರಗೆ ಬಂದಾಗ ಸಾಬರು ನನ್ನ ಕೈ ಹಿಡಿದು, "ತಪ್ಪಾಯ್ತೇನಪ್ಪ? ನಿಮ್ಮ ಕೆಲ್ಸ ನಾನ್ಯಾವತ್ತೂ ನೋಡ್ತಾ ಕೂತಿರ್ಲಿಲ್ಲ" ಎಂದರು. ಅವರ ಮೇಲೆ ಕೋಪ ಬರಲಿಲ್ಲ. ಒಂದು ಸಹಿಗಾಗಿ ಒಂದು ದಿನವಾದರೂ ಹಟ ಹಿಡಿಯದ ನನ್ನ ಮೇಲೆಯೇ ಬಂತು. ಇನ್ನು ಸರೋಜಳ ಮುಪ್ಪಿಗೆ ಏನು ಆಸರೆ ಎಂಬ ಚಿಂತೆ ಹತ್ತಿತು.

ಸಾಬರನ್ನು ಹಾಗೆಯೇ ಕಳುಹಿಸಲಾಗದೆ ಮನೆಗೆ ಕರೆತಂದೆ. ಕೆಲಸ ಆಗಿಯೇ ಆಗುತ್ತದೆಂದು ನಂಬಿದ್ದ ಸರೋಜ ಅಷ್ಟರಲ್ಲಿ ಒಬ್ಬಟ್ಟು ಮಾಡಿಟ್ಟಿದ್ದಳು. ಬೇಡವೆನ್ನಬೇಕೆಂದುಕೊಂಡೇ ಕೂತೆ, ಆದರೆ ಎರಡನೆಯದನ್ನೂ ಹಾಕಿಸಿಕೊಂಡೆ.