ಪ್ರೇಮನಾಥ ತೆಗೆದ ವಾರಿಜಾಕ್ಷಿಯ ಫೋಟೋ

"ಇನ್ನು ಮುಂದೆ ನಮ್ಮ ಮನೆಯಿಂದ ಊರಿಗೆ ಹೋಗುವುದು ಫೋಟೋ ಅಲ್ಲ, ಭಾವಚಿತ್ರ" ಎಂದು ಪ್ರೇಮನಾಥ ಒಂದು ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಘೋಷಿಸಿದ.

ಘೋಷಣೆಗೆ ಕಾರಣವಿತ್ತು. ಮಸ್ಕತ್ತಿಗೆ ಬಂದಾಗಿನಿಂದ ಅವನು ಮುಲ್ಕಿಯಲ್ಲಿದ್ದ ಅತ್ತೆ ಲೋಲಾಕ್ಷಿಯಮ್ಮನಿಗೆ ಕಳಿಸಿದ ಫೋಟೋಗಳಲ್ಲೆಲ್ಲ ಹೊಸ ಕಾರು ಫಳಫಳ ಹೊಳೆಯುತ್ತಿತ್ತು. ಮತ್ರಾದ ಕಡಲು, ಅದರ ಹಿಂದಿನ ಗುಡ್ಡ, ಗುಡ್ಡದ ಮೇಲಿನ ಕೋಟೆ ಎಲ್ಲವೂ ಸ್ಪಷ್ಟ. ಹೆಂಡತಿ ವಾರಿಜಾಕ್ಷಿ ಮಾತ್ರ ಬಾನೆಟ್ಟಿನ ಪಕ್ಕ ಕಡಲೆಕಾಳಿನಷ್ಟು. ತೊಂಬತ್ತೊಂದರಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಅವರು ಮಗಳಲ್ಲಿ ಕೇಳಿದ್ದು ಒಂದೇ: ಮುಖ ಕಾಣುವ ಹಾಗೆ ಒಂದು ಫೋಟೋ ಕಳಿಸು. ಫೋನಿಟ್ಟ ವಾರಿಜಾಕ್ಷಿ ಹಳೆಯ ಫೋಟೋಗಳನ್ನು ತೆಗೆದು ಒಂದೊಂದರಲ್ಲೂ ತನ್ನ ಮುಖ ಹುಡುಕಿದಳು. ಪ್ರೇಮನಾಥನಿಗೆ ಅದು ಚುಚ್ಚಿತು. ಅಳಿಯ ಸ್ವಲ್ಪ ಜಂಬದವನು ಎಂದು ಅತ್ತೆ ನೆಂಟರ ಹತ್ತಿರ ಹೇಳುತ್ತಿದ್ದುದೂ ಅವನ ಕಿವಿಗೆ ಬಿದ್ದಿತ್ತು.

ಆಯುಧ ಆಗಲೇ ಮನೆಯಲ್ಲಿತ್ತು. ಅವನ ಕಂಪನಿಯ ಇಂಗ್ಲಿಷ್ ಇಂಜಿನಿಯರೊಬ್ಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ, ಹೊತ್ತುಕೊಂಡು ಹೋಗಲಾರದೆ, ತಮ್ಮ ಮರದ ದೊಡ್ಡ ಕ್ಯಾಮೆರಾವನ್ನು ಅವನಿಗೆ ದಾನ ಮಾಡಿದ್ದರು. ಮೂರು ಕಾಲಿನ ಮೇಲೆ ನಿಲ್ಲುವ, ಹಾರ್ಮೋನಿಯಂ ತಿದಿಯಂತೆ ಎಳೆದರೆ ಉದ್ದವಾಗುವ ಕ್ಯಾಮೆರಾ ಅದು. ಜೊತೆಗೆ ಒಂದು ಡಬ್ಬಿ ಇನ್‌ಸ್ಟಂಟ್ ಫಿಲ್ಮ್. ಒಂದೊಂದು ಹಾಳೆಗೂ ಒಂದೊಂದು ಲಕೋಟೆ. ಕ್ಲಿಕ್ಕಿಸಿ, ಸ್ವಲ್ಪ ಹೊತ್ತು ಕಾದು, ಸಿಪ್ಪೆ ಸುಲಿದರೆ ಚಿತ್ರ ಸಿದ್ಧ. ಇಂಜಿನಿಯರ್ ಕಲಿಸಿದ ಪಾಠದಲ್ಲಿ ಪ್ರೇಮನಾಥನಿಗೆ ಪೂರ್ತಿ ನೆನಪಿದ್ದದ್ದು ಒಂದೇ ಸಾಲು: ಫ್ಲ್ಯಾಶ್ ಬೇಡ, ಸಹಜ ಬೆಳಕು ಸಾಕು.

ಕೆಳಗಿನ ಫ್ಲ್ಯಾಟಿನ ಬೊನಿಫಾಸ್ ಮರುದಿನ ರಜೆಯ ಮೇಲೆ ಊರಿಗೆ ಹೊರಟಿದ್ದ. ಫೋಟೋ ಅವನ ಕೈಯಲ್ಲೇ ಹೋಗಬೇಕು. ಹಾಗಾಗಿ ಅಂದು ಸಂಜೆಯೇ ಅಲ್ ಅಜೈಬಾ ಬಡಾವಣೆಯ ಅವರ ಕಟ್ಟಡದ ತಾರಸಿಯಲ್ಲಿ ಮಹಾಕಾರ್ಯ ಆರಂಭವಾಯಿತು. ನೀರಿನ ಟಾಂಕಿಯ ಬಿಳಿ ಗೋಡೆಯ ಮುಂದೆ ಕುರ್ಚಿ, ಕುರ್ಚಿಯ ಮೇಲೆ ಹಸಿರು ರೇಷ್ಮೆ ಸೀರೆಯ ವಾರಿಜಾಕ್ಷಿ. ಕ್ಯಾಮೆರಾದ ಹಿಂದೆ ತಲೆ ಮುಚ್ಚಿಕೊಳ್ಳಲು ಕಪ್ಪು ಬಟ್ಟೆ ಬೇಕಿತ್ತು. ಅವಳದ್ದೇ ಹಳೆಯ ಕಪ್ಪು ಸೀರೆಯೊಳಗೆ ಅವನು ನುಗ್ಗಿದ. ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ಹೆಂಡತಿ ತಲೆಕೆಳಗಾಗಿ ಕಂಡಳು. ಹಾಗೆ ಕಾಣುವುದೇ ಈ ಕ್ಯಾಮೆರಾದ ಕ್ರಮ, ಚಿತ್ರ ನೆಟ್ಟಗೇ ಬರುತ್ತದೆ ಎಂದು ಒಳಗಿನಿಂದಲೇ ಉಪನ್ಯಾಸ ಕೊಟ್ಟ. ಅವಳು ಕೇಳಿದ್ದು ಇಷ್ಟೇ: "ನೀವು ಎಷ್ಟು ಹೊತ್ತು ಒಳಗೆ ಇರ್ತೀರಿ? ಸೆಕೆಗೆ ತಲೆ ತಿರುಗಿ ಬೀಳ್ಬೇಡಿ, ಮಾರಾಯ್ರೇ."

ಮೊದಲನೆಯ ಹಾಳೆ ಸುಲಿದಾಗ ಬರೀ ಹಾಲು. ಗಾಜಿನಲ್ಲಿ ನೋಡಿದ ಮೇಲೆ ಲೆನ್ಸ್ ಮುಚ್ಚಲು ಮರೆತಿದ್ದ. ಅದಕ್ಕೆ 'ಟೆಸ್ಟ್' ಎಂದು ಹೆಸರಿಟ್ಟ. ಎರಡನೆಯದು ಅಮಾವಾಸ್ಯೆ, ಗಾಳಿಗೆ ಕಪ್ಪು ಸೀರೆ ಹಾರಿ ಲೆನ್ಸಿನ ಮುಂದೆ ಬಂದಿತ್ತು. ಮೂರನೆಯದರಲ್ಲಿ ಬೆಳಕು ಅಮೋಘ. ಆದರೆ "ಈಗ" ಎಂದು ಅವನು ಕ್ಲಿಕ್ಕಿಸುವಾಗಲೇ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅವಳು ಕೇಳಿಬಿಟ್ಟಿದ್ದಳು. ಚಿತ್ರದಲ್ಲಿ ಒಂದೇ ಮುಖಕ್ಕೆ ಎರಡು ಬಾಯಿ.

ಅಷ್ಟರಲ್ಲಿ ಫೋಟೋ ಆಯಿತೇ ಎಂದು ವಿಚಾರಿಸಲು ಬೊನಿಫಾಸ್ ಹೆಂಡತಿ ಇವ್ಲಿನ್ ಜೊತೆ ಮೇಲೆ ಬಂದ; ಕ್ಯಾಮೆರಾ ಕಂಡು ತನ್ನದೂ ಒಂದು ತೆಗೆಯಲು ಹೇಳಿದ. ಫೋಟೋ ಹೊತ್ತೊಯ್ಯುವವನಿಗೆ ಇಲ್ಲವೆನ್ನುವುದು ಹೇಗೆ? ಪ್ರೇಮನಾಥ ಅವನನ್ನು ಕೂರಿಸಿದ. ಬೊನಿಫಾಸ್ ಕಲ್ಲಿನ ಕಂಬದಂತೆ ಕೂತ. ಚಿತ್ರ ದೇವಲೋಕದಿಂದ ಇಳಿದಂತೆ ಬಂತು. ಆಮೇಲೆ ಇವ್ಲಿನ್, ಆಮೇಲೆ ಲಿಪ್‌ಸ್ಟಿಕ್ ಹಚ್ಚಿಕೊಂಡ ಇವ್ಲಿನ್, ಆಮೇಲೆ ಇಬ್ಬರೂ ಒಟ್ಟಿಗೆ. ಜೀವಮಾನದಲ್ಲಿ ಮೊದಲ ಬಾರಿ ಹೊಗಳಿಕೆಯ ರುಚಿ ಕಂಡ ಪ್ರೇಮನಾಥನ ಕೈ ನಿಲ್ಲಲಿಲ್ಲ. ಅವರ ಮುಖಕ್ಕೆ ಬೆಳಕು ಬೀಳಲೆಂದು ಬಿಳಿ ಬೆಡ್‌ಶೀಟ್ ಹರಡಿ ಹಿಡಿದು ನಿಂತವಳು ವಾರಿಜಾಕ್ಷಿ.

ಅವರು ಇಳಿದುಹೋದ ಮೇಲೆ ಡಬ್ಬಿಯಲ್ಲಿ ಉಳಿದದ್ದು ಒಂದೇ ಲಕೋಟೆ. ಬೆಳಕೂ ಹೊರಡುವ ಆತುರದಲ್ಲಿತ್ತು. ಈ ಸಲ ಪ್ರೇಮನಾಥ ಮೈಯೆಲ್ಲ ಕಣ್ಣಾದ. ಲೆನ್ಸ್ ಮುಚ್ಚಿದ, ಲಕೋಟೆ ಸೇರಿಸಿದ, ಅದರ ಹೊದಿಕೆ ಮೇಲೆಳೆದ, ಕಪ್ಪು ಸೀರೆಯನ್ನು ತೆಗೆದು ಬಲ ಹೆಗಲಿಗೆ ಹಾಕಿಕೊಂಡ. ಇನ್ನು ಗುಂಡಿ ಒತ್ತುವುದೊಂದೇ ಬಾಕಿ. ತಲೆಯೆತ್ತಿ ನೋಡಿದರೆ ವಾರಿಜಾಕ್ಷಿ ಹಲ್ಲು ಕೀಳಿಸಿಕೊಳ್ಳಲು ಬಂದವಳಂತೆ ಬಿಗಿದು ಕೂತಿದ್ದಾಳೆ.

ಏಳು, ಹೇಗೆ ಕೂರಬೇಕೆಂದು ತೋರಿಸುತ್ತೇನೆ ಎಂದ. ಗಾಳಿಗೆ ತೂಗಾಡುತ್ತಿದ್ದ, ತುದಿಯಲ್ಲಿ ಗುಂಡಿಯಿದ್ದ ಕ್ಲಿಕ್ಕಿನ ವೈರನ್ನು ಅವಳ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತ. ಕಪ್ಪು ಸೀರೆಯ ಅಂಚನ್ನು ಸೆರಗಿನಂತೆ ಹೊದ್ದ. ಗಲ್ಲಕ್ಕೆ ಬೆರಳು ತಾಗಿಸಿದ. ಕತ್ತು ತುಸು ವಾಲಿಸಿ, ರೆಪ್ಪೆ ಇಳಿಸಿ, ಮೀಸೆಯಡಿಯಲ್ಲೊಂದು ನಾಚಿಕೆಯ ನಗೆ ತಂದುಕೊಂಡ. "ಹೀಗೆ. ನೋಡಿದೆಯಲ್ಲ? ಈಗ..."

ಈಗ ನೀನು ಬಾ ಎನ್ನುವವನಿದ್ದ. ಆದರೆ ಸಂಜೆಯಿಡೀ ಅವಳ ಕಿವಿಯಲ್ಲಿ "ಈಗ" ಎಂದರೆ ಕ್ಲಿಕ್. ಒತ್ತಿಯೇಬಿಟ್ಟಳು.

ಇಬ್ಬರೂ ಕಾದರು. ಸುಲಿದಾಗ ಮೂಡಿದ ಚಿತ್ರಕ್ಕೆ ಕುಂದೆಂಬುದೇ ಇರಲಿಲ್ಲ. ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಕೆನ್ನೆಯ ಮೇಲೆ ಬೆಣ್ಣೆ ಸವರಿದಂಥ ಬೆಳಕು. ಹೆಣ್ಣು ನೋಡಲು ಬಂದವರ ಎದುರು ಕುಳಿತ ವಧುವಿನಂತೆ, ಪ್ರೇಮನಾಥ! ವಾರಿಜಾಕ್ಷಿ ತಾರಸಿಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವನು ನಗಲಿಲ್ಲ. ಫಿಲ್ಮನ್ನೆಲ್ಲ ಊರವರಿಗೆ ಹಂಚಿ ನಿನಗೇ ಇಲ್ಲದಂತೆ ಮಾಡಿದೆ ಎಂದು ತಲೆ ತಗ್ಗಿಸಿದ. ಚಿತ್ರವನ್ನು ಹರಿಯಲು ಹೋದ. ಅವಳು ಕಸಿದುಕೊಂಡಳು.

"ಇದನ್ನೇ ಕಳಿಸುವುದು" ಎಂದಳು.

"ಅತ್ತೆ ಕೇಳಿದ್ದು ನಿನ್ನ ಮುಖ."

"ನನ್ನ ಮುಖ ಅಮ್ಮನಿಗೆ ಗೊತ್ತುಂಟು. ನೀವು ಎಂಥ ಜನ ಅಂತ ಅವರಿಗೆ ಇನ್ನೂ ಗೊತ್ತಿಲ್ಲ."

ಅವನು ಎಷ್ಟು ಬೇಡಿಕೊಂಡರೂ ಕೇಳದೆ ಮರುದಿನ ಬೆಳಿಗ್ಗೆ ಅವಳು ಚಿತ್ರವನ್ನು ಬೊನಿಫಾಸನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡಿಸಿದಳು.

ಮುಂದಿನ ಶುಕ್ರವಾರ ಫೋನು ಮಾಡಿದಾಗ ಅಮ್ಮ ಮಗಳು ಮಾತಿಗಿಂತ ಹೆಚ್ಚು ನಕ್ಕರು. ಪ್ರೇಮನಾಥ ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ. ಅಷ್ಟರಲ್ಲಿ ಎಂದೂ ಇಲ್ಲದ್ದು ನಡೆಯಿತು: ಅತ್ತೆ ಅಳಿಯನಿಗೆ ಕೊಡು ಎಂದರು. ಅವನು ರಿಸೀವರ್ ಹಿಡಿದು ಎದ್ದು ನಿಂತ. ಅದು ಹಾಗಲ್ಲ, ಕೈತಪ್ಪಿ ಆದದ್ದು ಎಂದು ಶುರು ಮಾಡಿದ. ಅತ್ತೆ ಅವನನ್ನು ಮುಂದುವರಿಯಲು ಬಿಡಲಿಲ್ಲ.

"ಫೋಟೋ ಭಾರೀ ಲಾಯ್ಕ ಉಂಟು. ಕಟ್ಟು ಹಾಕಿಸಿ ಚಾವಡಿಯಲ್ಲೇ ಇಟ್ಟಿದ್ದೇನೆ, ಬಂದವರೆಲ್ಲ ನೋಡ್ತಾರೆ. ಒಂದೇ ಒಂದು ಮಾತು, ಅಳಿಯಂದಿರೇ, ಬೇಸರ ಮಾಡ್ಬೇಡಿ" ಎಂದರು ಲೋಲಾಕ್ಷಿಯಮ್ಮ. "ಸೆರಗು ಎಡಗಡೆಗೆ ಹಾಕುವುದು."