ಹೊಗೆರಾಯನ ಬೆನ್ನು

ಆದೆಮ್ಮ: ಮೂಗು ನಮ್ಮಣ್ಣಂದು. ಮೀಸಿ ನಮ್ಮಣ್ಣಂದು. ಕಿವಿ ಮ್ಯಾಲಿನ ಬೀಡಿ ಸೈತ ನಮ್ಮಣ್ಣಂದು. ಇನ್ನ ಏನು ಬಿಟ್ಟೀರಿ?

ಯಂಕೋಬ: ಹೆಸರು ನಿಮ್ಮಣ್ಣಂದಲ್ಲ.

ರಾಯಚೂರಿನ ಟಾಕೀಸುಗಳಿಗೆ ಸಿನಿಮಾ ಬೋರ್ಡು ಬರೆಯುತ್ತಿದ್ದ ಯಂಕೋಬನಿಗೆ ಎಂಬತ್ತೈದರ ಬೇಸಿಗೆಯಲ್ಲಿ ಹೊಸ ತರಹದ ಕೆಲಸ ಸಿಕ್ಕಿತ್ತು. ಹೈದರಾಬಾದಿನ ಅಕ್ಬರಿ ಬೇಗಂ ಎಂಬಾಕೆ ಮಕ್ಕಳಿಗಾಗಿ ಕಾರ್ಟೂನ್ ಸಿನಿಮಾ ತೆಗೆಯುತ್ತಿದ್ದರು. ಮುನ್ನೂರು ವರ್ಷ ಮುಂದಿನ ಕಥೆ. ಹೊಗೆರಾಯ ಎಂಬವನು ಭೂಮಿಯ ಮೇಲಿನ ಮರಗಳನ್ನೆಲ್ಲ ತಿಂದು ಹೊಗೆ ಉಗುಳಿದ್ದಾನೆ. ಗಾಜಿನ ಗುಮ್ಮಟದೊಳಗೆ ಬದುಕಿರುವ ಹುಡುಗಿಯೊಬ್ಬಳ ಹತ್ತಿರ ಒಂದೇ ಒಂದು ಬೇವಿನ ಬೀಜ ಉಳಿದಿದೆ. ಆ ಹೊಗೆರಾಯ ನೋಡಲು ಹೇಗಿರಬೇಕು ಎಂದು ಚಿತ್ರ ಬರೆದು ಕೊಡುವುದು ಯಂಕೋಬನ ಪಾಲಿಗೆ ಬಂದಿತ್ತು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಎಲ್ಲಿಂದ ನೋಡಿದರೂ ಅದೇ ಆಸಾಮಿ ಕಾಣಬೇಕು. ಮೂರು ಹಾಳೆಗಳೂ ಗೋಡೆಯ ಮೇಲಿದ್ದವು. ಸಂಜೆಯ ರೈಲಿಗೆ ಬೇಗಂ ಬರುವವರಿದ್ದರು.

ಆದೆಮ್ಮ: ರಾಕ್ಷಸ ಅಂದ್ರ ಕೊಂಬು ಇರಬೇಕು, ಕೋರೆಹಲ್ಲು ಇರಬೇಕು.

ಯಂಕೋಬ: ಬರದಿದ್ದೆ. ಬೇಗಂ ಸಾಹೇಬರು ಹರದು ಹಾಕಿದ್ರು. ‘ಕೊಂಬಿದ್ದೋರು ಗಿಡ ಕಡಿಯಂಗಿಲ್ಲ ಯಂಕೋಬ, ಮನಷೇರು ಕಡೀತಾರ. ನಕ್ಕೋತ ಮಾತಾಡೋನು, ಮಕ್ಕಳಿಗೆ ಪೆಪ್ಪರಮಿಂಟು ಕೊಡೋನು, ಅಂಥೋನ್ನ ಬರಿ’ ಅಂದ್ರು.

ಆದೆಮ್ಮ: ಇಡೀ ರಾಯಚೂರಾಗ ಅಂಥೋನು ಇನ್ನೊಬ್ಬ ಸಿಗಲಿಲ್ಲೇನು?

ಯಂಕೋಬ: ಕಣ್ಣು ಮುಚ್ಚಿದ ಕೂಡಲೇ ನಿಮ್ಮಣ್ಣನೇ ಬಂದು ನಿಂತ. ನಾನೇನು ಕರದಿದ್ದಿಲ್ಲ.

ಆದೆಮ್ಮ: ಕಣ್ಣು ತಗದು ಬರೀಬೇಕಿತ್ತು.

ಯಂಕೋಬ: ತಗದ್ರ ಎದುರಿಗೆ ನೀ ಇರ್ತಿ.

ಆದೆಮ್ಮನ ಅಣ್ಣ ಗಡಿಗೆಪ್ಪನದು ಮಾನ್ವಿಯ ಹೊರಗೆ ಇಟ್ಟಿಗೆ ಭಟ್ಟಿ. ಈ ಸಲದ ಭಟ್ಟಿಗೆ ಅವನು ತಮ್ಮೂರು ಮಲ್ಲಟದ ಹೊಲದ ಬಾವಿಯ ಮೇಲಿದ್ದ ಬೇವಿನ ಮರವನ್ನೇ ಕಡಿಸಲು ಹೊರಟಿದ್ದ. ತಾಯಿ ಬಂಡೆಮ್ಮ ಅಂದಿನಿಂದ ಮಗನೊಡನೆ ಮಾತು ಬಿಟ್ಟಿದ್ದಳು. ಆದೆಮ್ಮನೂ ಊರಿಗೆ ಹೋಗಿ ಅಣ್ಣನನ್ನು ಬಾಯಿತುಂಬ ಬೈದು ಬಂದಿದ್ದಳು. ಆದರೆ ಬೈಯುವ ಹಕ್ಕು ತವರಿನವರದು, ಗಂಡನದಲ್ಲ ಎಂಬುದು ಅವಳ ಲೆಕ್ಕ.

ಆದೆಮ್ಮ: ಮೀಸಿನರ ತಗೀರಿ.

ಯಂಕೋಬ: ಮೀಸಿ ತಗದ್ರ ನಿಮ್ಮವ್ವ ಆಗತಾಳ.

ಆದೆಮ್ಮ ನಗು ಬಂದು ಸೆರಗು ಬಾಯಿಗೆ ಹಿಡಿದಳು. ಅಷ್ಟರಲ್ಲಿ ಗಡಿಗೆಪ್ಪನೇ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ಚೀಲದಲ್ಲಿ ಸುತ್ತಿದ ಉದ್ದನೆಯ ಗರಗಸ. ಅದರ ಹಲ್ಲು ಮಸೆಸಿಕೊಂಡು ಹೋಗಲು ಪೇಟೆಗೆ ಬಂದವನು ತಂಗಿಯ ಮನೆಗೂ ಬಂದಿದ್ದ. ಆದೆಮ್ಮ ಒಣಗಿದ ಸೀರೆಯೊಂದನ್ನು ಹಾಳೆಗಳ ಮೇಲೆ ಎಳೆಯಲು ಹೋದಳು. ತಡವಾಗಿತ್ತು.

ಗಡಿಗೆಪ್ಪ: ಯಂಕೋಬ, ಇದು ನಾನಲ್ಲೇನಪ?

ಆದೆಮ್ಮ: ಅಲ್ಲಣ್ಣ.

ಯಂಕೋಬ: ಹೂಂ ಭಾವ.

ಗಡಿಗೆಪ್ಪ: ಯಾರರ ಒಬ್ಬರು ಹೇಳ್ರಿ.

ಆದೆಮ್ಮ: ನಿನ್ನಂಗ ಅದಾನ. ನೀನಲ್ಲ.

ಗಡಿಗೆಪ್ಪ: ಸಿನಿಮಾದ್ದೇನು? ಎದಿ ಹೆಂಗ ಬರದಾನ ನೋಡು. ಭೀಮ ಇರಬೇಕು.

ಯಂಕೋಬ: ಭೀಮ ಅಲ್ಲ ಭಾವ.

ಗಡಿಗೆಪ್ಪ: ಮತ್ತ, ರಾಜ?

ಯಂಕೋಬ: ಹೆಸರಿನ್ಯಾಗ ರಾಯ ಅಂತ ಅದ.

ಗಡಿಗೆಪ್ಪ: ಎಷ್ಟು ಊರು ಆಳತಾನ?

ಯಂಕೋಬ: ಇಡೀ ಭೂಮಿ. ಆಳಾಕ ಅದರ ಮ್ಯಾಲೆ ಏನೂ ಉಳಿದಿಲ್ಲ, ಅಷ್ಟೇ.

ಆದೆಮ್ಮ: ಅಣ್ಣ, ಚಾ ಕುಡಿ.

ಗಡಿಗೆಪ್ಪ: ಕುಡೀತೀನಿ. ಯಾಕ ಉಳಿದಿಲ್ಲ?

ಯಂಕೋಬ: ಇದ್ದ ಗಿಡ ಎಲ್ಲಾ ಇವನೇ ತಿಂದಾನ.

ಗಡಿಗೆಪ್ಪ ಬಸಿಯಲ್ಲಿದ್ದ ಚಹಾ ಕುಡಿಯದೆ ಕೆಳಗಿಟ್ಟ. ಮುಖದ ಮೇಲಿನ ನಗು ಇನ್ನೂ ಇಳಿದಿರಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಂತಿತ್ತು.

ಗಡಿಗೆಪ್ಪ: ನೀ ಕುಂತ ಮನಿ ಗ್ವಾಡಿ ಯಾರ ಇಟ್ಟಂಗಿದು?

ಯಂಕೋಬ: ನಿಮ್ಮವೇ ಭಾವ.

ಗಡಿಗೆಪ್ಪ: ಹಸಿ ಇಟ್ಟಂಗಿ ಕೊಟ್ಟಿದ್ನೇನು?

ಯಂಕೋಬ: ಇಲ್ಲ. ಸುಟ್ಟವೇ ಕೊಟ್ಟಿದ್ರಿ.

ಗಡಿಗೆಪ್ಪ: ಯಾತರಲೆ ಸುಟ್ಟಿದ್ದೆ? ಬಿಸಲಾಗ ಇಟ್ಟು ಸುಟ್ಟಿದ್ನೇನು? ನಿಮ್ಮ ರಾಯಗ ಗಿಡ ತಿನ್ನೋದು ಹೌಸಂತ ತಿಳದಿ? ಮಂದಿಗೆ ಮನಿ ಬೇಕು, ಅದಕ್ಕ ತಿಂತಾನ. ಸಿನಿಮಾದಾಗ ಅದನ್ನೂ ಬರಿ.

ಯಂಕೋಬ ಕುಂಚವನ್ನು ನೀರಿಗಿಟ್ಟು ಗೋಡೆ ನೋಡಿದ.

ಆದೆಮ್ಮ: ಈಗ ಯಾಕ ಬಾಯಿಲ್ಲ? ನಮ್ಮಣ್ಣ ಕೇಳಿದ್ದು ಬರೋಬರಿ ಅದ. ಹೋಗಲಿ ಬಿಡಣ್ಣ, ಈ ಕಡೀ ಹಾಳಿ ನೋಡು. ಇದರಾಗ ಮಾರಿನೇ ಇಲ್ಲ. ಯಾರದು ಅಂತ ಗೊತ್ತಾಗಂಗಿಲ್ಲ.

ಮೂರನೆಯ ಹಾಳೆಯಲ್ಲಿದ್ದುದು ಹೊಗೆರಾಯನ ಬೆನ್ನು. ಗಡಿಗೆಪ್ಪ ಹತ್ತಿರ ಹೋಗಿ ಅದರ ಎಡ ಹೆಗಲಿನ ಮೇಲೆ ಬೆರಳಿಟ್ಟ.

ಗಡಿಗೆಪ್ಪ: ಇದು ಅಪ್ಪ.

ಯಂಕೋಬ: ಮಾವನ್ನ ನಾ ನೋಡೇ ಇಲ್ಲಲ್ಲ ಭಾವ. ನನ್ನ ಮದುವಿಗಿಂತ ಮೊದಲೇ ಹೋಗಿದ್ರು. ನಿಮ್ಮ ಬೆನ್ನೇ ಬರದೀನಿ.

ಗಡಿಗೆಪ್ಪ: ನನ್ನ ಬೆನ್ನು ನಾ ಯಾವಾಗ ನೋಡೀನಿ? ಇದು ಅಪ್ಪನ ಬೆನ್ನು. ಎಡಗಡಿ ಹೆಗಲು ಇಳದದ, ನೋಡು. ಕೊಡ ಹೊತ್ತು ಹೊತ್ತು ಇಳದಿತ್ತು.

ಆದೆಮ್ಮ: ಬೇವು ಹಚ್ಚಿದ ವರ್ಷ. ಬ್ಯಾಸಿಗಿ ಪೂರಾ ಬಾವಿ ಇಳದು ನೀರು ತಂದು ಹಾಕತಿದ್ದ.

ಗಡಿಗೆಪ್ಪ: ನಾವು ಚೆಂಬು ಹಿಡ್ಕೊಂಡು ಹಿಂದ ಹೋಗತಿದ್ವಿ. ಅದಕ್ಕ ನಂಗ ಅಪ್ಪ ಅಂದ್ರ ಬೆನ್ನೇ ನೆಪ್ಪು.

ಹೊರಗೆ ಜಟಕಾವೊಂದು ಹಾದುಹೋಯಿತು. ಗಡಿಗೆಪ್ಪ ಕೆಳಗೆ ಕುಳಿತು ಆರಿದ ಚಹಾ ಕುಡಿದ.

ಗಡಿಗೆಪ್ಪ: ಕಡೀಕ ಏನಾಗತಾನ ಇವ?

ಯಂಕೋಬ: ಹುಡುಗಿ ಹಚ್ಚಿದ ಬೀಜ ಮೊಳಕಿ ಒಡದ ಕೂಡಲೇ ಸಾಯತಾನ. ಹೊಗಿ ಆಗಿ ಹಾರಿ ಹೋಗತಾನ.

ಗಡಿಗೆಪ್ಪ: ಸಾಯೋದು ಬ್ಯಾಡ. ಇಷ್ಟು ದೊಡ್ಡ ಆಳು, ನೀರು ಹೊರಾಕ ಬರತಾನ.

ಯಂಕೋಬ: ನೀರು ಹೊರಲಿ. ಹೊಟ್ಟಿಗೆ ಏನು ಮಾಡಲಿ? ಭಟ್ಟಿ ಉರೀಬೇಕಲ್ಲ.

ಗಡಿಗೆಪ್ಪ: ಕಾಲುವಿ ಬಂದಮ್ಯಾಗ ಮಾನ್ವಿ ಸುತ್ತೆಲ್ಲ ಭತ್ತ ಬೆಳ್ಯಾಕತ್ತಾರ. ಗಿರಣಿ ಹಿಂದ ಹೊಟ್ಟು ಗುಡ್ಡ ಬಿದ್ದದ. ಅದನ್ನ ಸುಡಲಿ.

ಯಂಕೋಬ: ಹೊಟ್ಟು ಸುಟ್ರೂ ಹೊಗಿ ಬರತದಲ್ಲ ಭಾವ.

ಗಡಿಗೆಪ್ಪ: ಬರತದ. ಇಲ್ಲನಂಗಿಲ್ಲ. ಆದ್ರ ಹೊಟ್ಟಿನ್ಯಾಗ ಯಾವ ಹಕ್ಕೀನೂ ಗೂಡು ಕಟ್ಟಿರಂಗಿಲ್ಲ.

ಆದೆಮ್ಮ: ಅಣ್ಣ, ಇದು ಸಿನಿಮಾದ ಮಾತೋ, ಮಲ್ಲಟದ ಮಾತೋ?

ಗಡಿಗೆಪ್ಪ: ಗರಗಸ ಇಲ್ಲೇ ಇರಲಿ. ಅವ್ವಗ ನಾನೇ ಹೋಗಿ ಹೇಳತೀನಿ. ಮಾತಾಡಸತಾಳೋ ಇಲ್ಲೋ.

ಆದೆಮ್ಮ: ಮಾತಾಡಸತಾಳ. ಮೊದಲು ಬೈತಾಳ, ಆಮ್ಯಾಲೆ ರೊಟ್ಟಿ ಹಾಕತಾಳ.

ಸಂಜೆ ಬಂದ ಅಕ್ಬರಿ ಬೇಗಂ ಮೂರು ಹಾಳೆಗಳನ್ನೂ ನೋಡಿದರು, ಅಂಗಳದಲ್ಲಿ ಕುಳಿತಿದ್ದ ಗಡಿಗೆಪ್ಪನನ್ನೂ ನೋಡಿದರು, ಕಥೆಯ ಹೊಸ ಕೊನೆಯನ್ನು ಪೂರ್ತಿ ಕೇಳಿದರು. ಸಾಯಿಸಿದರೆ ನಾಲ್ಕು ಚಿತ್ರದಲ್ಲಿ ಕೆಲಸ ಮುಗಿಯುತ್ತದೆ, ಬದಲಾಯಿಸಬೇಕೆಂದರೆ ನೂರಾರು ಬರೆಯಬೇಕಾಗುತ್ತದೆ, ಯಂಕೋಬ ಬರೆಯುವುದಾದರೆ ತಮ್ಮದೇನೂ ತಕರಾರಿಲ್ಲ ಎಂದರು. ಯಂಕೋಬ ಭಾವನ ಮುಖ ನೋಡಿದ. ಭಾವ ಬೇರೆ ಕಡೆ ನೋಡಿದ. ಯಂಕೋಬ ಒಪ್ಪಿಕೊಂಡ.

ಮಾನ್ವಿಯ ಬಸ್ಸಿಗೆ ಹೊರಟ ಅಣ್ಣನನ್ನು ಆದೆಮ್ಮ ಓಣಿಯ ತುದಿಯವರೆಗೆ ಕಳಿಸಲು ಬಂದಳು. ಹಿಂದೆಯೇ ಯಂಕೋಬ.

ಆದೆಮ್ಮ: ಸಿನಿಮಾ ಟಾಕೀಸಿಗೆ ಬಂದಮ್ಯಾಗ ನಿಮ್ಮೂರ ಮಂದಿ ‘ಇದು ಯಾರು’ ಅಂತ ಕೇಳತಾರ. ಏನಂತಿ ಅಣ್ಣ?

ಗಡಿಗೆಪ್ಪ: ಇಂಟರ್ವೆಲ್ ತನಕ ‘ಇಂವ ನಮ್ಮ ಯಂಕೋಬ’ ಅಂತೀನಿ. ಇಂಟರ್ವೆಲ್ ಆದಮ್ಯಾಗ, ನಾನು.