ಎಮ್ಮೆಯ ಫ್ಯಾನ್ ಮತ್ತು ಮರಾಠಿಗೆ ತಿರುಗಿಸುವ ಗುಂಡಿ

ಮಾನ್ಯ ಅನುವಾದದ ಗುಂಡಿಯವರೇ,

ಇಚಲಕರಂಜಿಯ ಒಂದು ಮಗ್ಗದ ಗಲ್ಲಿಯಿಂದ ಕಾಜಲ ಎಂಬುವಳು ಮಾಡುವ ಅನಂತ ನಮಸ್ಕಾರಗಳು. ತಾವು ಫೋನಿನ ಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ, ಬಾಡಿಗೆಯ ಚಿಂತೆಯಿಲ್ಲದೆ ಸುಖವಾಗಿದ್ದೀರೆಂದು ನಂಬಿದ್ದೇನೆ. ತಾವು ಬರುವವರೆಗೆ ನಾವೂ ಇಲ್ಲಿ ಸುಖವಾಗಿದ್ದೆವು. ತಮ್ಮ ಮನೆಯ ವಿಳಾಸ ಎಷ್ಟು ಹುಡುಕಿದರೂ ಸಿಗದ ಕಾರಣ, ಈ ಪತ್ರವನ್ನು ನನ್ನ ಬ್ಲಾಗಿನಲ್ಲೇ ಬರೆಯುತ್ತಿದ್ದೇನೆ. ತಾವು ಅಲ್ಲಿಗೆ ಕರೆಯದೆಯೂ ಬರುವವರೆಂದು ಈಗ ಗೊತ್ತಾಗಿದೆ.

ನಾನು ಸಿದ್ಧಲಿಂಗ ಶೇಟ್‌ರ ಶೆಡ್ಡಿನಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವವಳು. ಸಂಕೇಶ್ವರದ ಹತ್ತಿರ ಅಜ್ಜಿಯ ಊರಿನ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೇನೆ. ಮಾತಾಡಲು ನನಗೆ ಎಷ್ಟು ನಾಚಿಕೆಯೆಂದರೆ, ಒಮ್ಮೆ ಗಡಹಿಂಗ್ಲಜಕ್ಕೆ ಹೊರಟವಳು ಕಂಡಕ್ಟರ್ ಎರಡನೆಯ ಸಲ "ಎಲ್ಲಿಗೆ?" ಎಂದದ್ದಕ್ಕೆ ಹೆದರಿ, ಪಕ್ಕದವರ ಊರಿಗೇ ತಿಕೀಟು ತೆಗೆದುಕೊಂಡು, ನೇಸರಿಯಲ್ಲಿ ಇಳಿದು, ಅಲ್ಲಿ ಏನೋ ಕೆಲಸವಿದ್ದವಳಂತೆ ಸಂಜೆಯವರೆಗೆ ತಿರುಗಾಡಿ ಬಂದಿದ್ದೇನೆ. ಇಂಥವಳಿಗೆ ಹೇಳಬೇಕಾದ ಮಾತೆಲ್ಲ ಎಲ್ಲಿ ಹೋಗಬೇಕು? ಅದಕ್ಕೇ ಬ್ಲಾಗ್ ಶುರು ಮಾಡಿದೆ.

ಯಶಸ್ವಿ ಬ್ಲಾಗ್ ಬೆಳೆಸುವುದು ಹೇಗೆಂದು ಕೋಟು ತೊಟ್ಟ ಒಬ್ಬ ಮಹನೀಯರು ವಿಡಿಯೋದಲ್ಲಿ ಹೇಳಿದ್ದನ್ನು ನಾನು ಭಕ್ತಿಯಿಂದ ಪಾಲಿಸಿದೆ. ಗೊತ್ತಿದ್ದುದನ್ನೇ ಬರೆಯಿರಿ ಎಂದರು. ಪಕ್ಕದಲ್ಲಿ ಕೂತು ನೂಲು ಸುತ್ತುವ, ಎಲ್ಲರೂ ಚಿಕ್ಕಮ್ಮನೆಂಬಂತೆ ಮಾವಶಿ ಎನ್ನುವ ಹಿರಾಬಾಯಿಯ ಮಾತುಗಳನ್ನು ಬರೆದೆ. ವಾರ ತಪ್ಪಿಸಬೇಡಿ ಎಂದರು; ಜ್ವರ ಬಂದಾಗಲೂ ಗುರುವಾರ ತಪ್ಪಿಸಲಿಲ್ಲ. ಪ್ರತಿಯೊಬ್ಬರಿಗೂ ಉತ್ತರಿಸಿ ಎಂದರು. ಹೆಸರು ಹಾಕದ ಒಬ್ಬರು, ನಾನು ಮದುವೆಯ ಬಗ್ಗೆ ಬರೆದರೂ ನಮ್ಮ ಕೋಳಿ ಸತ್ತದ್ದನ್ನು ಬರೆದರೂ, "ಚೆನ್ನಾಗಿದೆ, ಮುಂದುವರಿಸಿ" ಎಂದಷ್ಟೇ ಬರೆಯುತ್ತಿದ್ದರು, ಅವರಿಗೂ ಪ್ರತಿ ಸಲ ಧನ್ಯವಾದ ಹೇಳಿದೆ. ನಿಮ್ಮ ಓದುಗರನ್ನು ತಿಳಿದುಕೊಳ್ಳಿ ಎಂದದ್ದೊಂದನ್ನು ಮಾತ್ರ ಬಿಟ್ಟೆ. ನನ್ನ ಬ್ಲಾಗ್ ನಿಂತದ್ದೇ ಓದುಗರಿಗೆ ನಾನು ಗೊತ್ತಿಲ್ಲ ಎಂಬ ಧೈರ್ಯದ ಮೇಲೆ. ನಮ್ಮ ಗಲ್ಲಿಯಲ್ಲಿ ಎಲ್ಲರೂ ಮನೆಯಲ್ಲಿ ಆಡುವುದು ಕನ್ನಡ, ಸಾಲೆಯಲ್ಲಿ ಕಲಿತದ್ದು ಮರಾಠಿ; ಕನ್ನಡ ಅಕ್ಷರ ಓದಲು ಬರುವುದಿಲ್ಲ. ಜಗಳ ಕನ್ನಡದಲ್ಲಿ, ಲೈಟ್ ಬಿಲ್ಲು ಮರಾಠಿಯಲ್ಲಿ. ನಾನು ಕನ್ನಡದಲ್ಲಿ ಬರೆದು ಇಡೀ ಜಗತ್ತಿನ ಎದುರು ಇಟ್ಟರೂ, ನಮ್ಮ ಗಲ್ಲಿಯ ಮಟ್ಟಿಗೆ ಅದು ಟ್ರಂಕಿನೊಳಗೆ ಇಟ್ಟಂತೆಯೇ ಇತ್ತು.

ಆ ಟ್ರಂಕಿನ ಬೀಗ ತಾವು, ಕೇಳದೆಯೇ, ತೆಗೆದುಕೊಟ್ಟಿರಿ.

ಶೇಟ್‌ರ ಸೊಸೆ ರುತುಜಾ ವಹಿನಿ ಒಂದು ದಿನ ತಮ್ಮದೇ ಶೆಡ್ಡಿನ ಕಂಡಿಕೆಯ ಫೋಟೋ ಗುರುತು ಹಿಡಿದು ನನ್ನ ಬ್ಲಾಗ್ ತೆರೆದರಂತೆ. ತಾವು ಕೆಳಗಿನಿಂದ ತಲೆಯೆತ್ತಿ, ಮರಾಠಿಯಲ್ಲಿ ಓದುವಿರಾ ಎಂದು ಕೇಳಿದಿರಂತೆ. ಅವರು ಒತ್ತಿದರು. ಊಟದ ಹೊತ್ತಿಗೆ ಅದು ಗಲ್ಲಿಯ ಎಲ್ಲ ಫೋನುಗಳಲ್ಲಿತ್ತು. ಕೋಟಿನ ಮಹನೀಯರು ಹೇಳಿದ್ದ ಬೆಳವಣಿಗೆ ಇದೇ ಇರಬೇಕು. ಅಂದು ನಾನು ನೀರು ತರಲು ಹೊರಗೂ ಹೋಗಲಿಲ್ಲ.

ಆ ವಾರ ಬರೆದದ್ದು ಫ್ಯಾನಿನ ಸಂಗತಿ. ನಮ್ಮ ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೂತು ಕೆಲಸ ಮಾಡುವ ನಾವು ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತೇವೆ. ಶೇಟ್‌ರು ಬಂದಾಗ ಹಿರಾ ಮಾವಶಿ ಎದ್ದು ನಿಂತು, ಬೆವರು ಒರೆಸಿಕೊಂಡು ಅಂದದ್ದು ಇದು: "ಶೇಟ್, ನಿಮ್ಮ ಎಮ್ಮಿ ಗೋಠಾದಾಗ ಫ್ಯಾನ್ ತಿರಗತೈತಿ, ನಮ್ಮ ತಲಿ ಮ್ಯಾಗ ತಗಡ ಕಾಯತೈತಿ. ಹಾಲ ಕೊಟ್ಟವರಿಗಷ್ಟ ಗಾಳಿ ಅಂದ್ರ ನಮಗೂ ಹಿಂಡಿ ಹಾಕ್ರಿ, ನೋಡೂಣು." ತುಟಿ ಓದಲು ಬಾರದ ಶೇಟ್‌ರು, ಕ್ಷೇಮ ಕೇಳಿದಳೆಂದು ತಿಳಿದು, ಕೈ ಎತ್ತಿ ಆಶೀರ್ವಾದ ಮಾಡಿ ಹೋದರು. ಆ ಮಾತು ಉಳಿದದ್ದು ನನ್ನ ಬ್ಲಾಗಿನಲ್ಲಿ ಮಾತ್ರ.

ಅದನ್ನು ತಾವು ಮರಾಠಿ ಮಾಡಿದ ಚಂದವನ್ನು ಏನೆಂದು ಹೊಗಳಲಿ! ನಮ್ಮ ಕಡೆಯ ಮಾತು ತಿಳಿಯದೆ ಹೋದಲ್ಲೆಲ್ಲ ತಾವು ನಿಂತು ಯಾರನ್ನೂ ಕೇಳಲಿಲ್ಲ, ತಮ್ಮ ಕಡೆಯಿಂದ ಒಂದೊಂದು ಒಳ್ಳೆಯ ಮಾತು ಹಾಕಿ ಮುಂದೆ ನಡೆದಿರಿ. ತಮ್ಮ ಮರಾಠಿಯನ್ನು ಕನ್ನಡದಲ್ಲಿ ಹೇಳಬೇಕೆಂದರೆ ಹೀಗಿತ್ತು: "ಮಾನ್ಯರೇ, ಪಶುಗಳ ಬಗ್ಗೆ ತಾವು ತೋರುವ ಕಾಳಜಿ ಅನುಕರಣೀಯ. ಹಾಲು ಆರೋಗ್ಯಕ್ಕೆ ಉತ್ತಮ. ನಮಗೂ ಆಹಾರ ದೊರೆಯಲಿ." ಇದನ್ನು ಓದಿ ಸಿದ್ಧಲಿಂಗ ಶೇಟ್‌ರ ಕಣ್ಣು ತುಂಬಿತಂತೆ. ನಮ್ಮ ಕೆಲಸದವರ ಸಂಸ್ಕಾರ ನೋಡಿರಿ ಎಂದು ಬರೆದು, ಅದನ್ನು ಗಡಹಿಂಗ್ಲಜದ ಬೀಗರವರೆಗೆ, ಅಂದರೆ ರುತುಜಾ ವಹಿನಿಯ ತವರಿನವರೆಗೆ, ಕಳಿಸಿದರು. ಮರುದಿನ ನಮಗೆಲ್ಲ ಒಂದೊಂದು ಬಾಳೆಹಣ್ಣು ಬಂತು. ಫ್ಯಾನ್ ಬರಲಿಲ್ಲ.

ಇನ್ನು ಹಿರಾ ಮಾವಶಿಯ ಗತಿ ಕೇಳಿ. ಈ ಗಲ್ಲಿಯಲ್ಲಿ ನಳದ ಸರದಿ ತಪ್ಪದೆ ಇದ್ದದ್ದು, ಪಗಾರ ಶನಿವಾರ ದಾಟದೆ ಬರುತ್ತಿದ್ದದ್ದು ಅವರ ನಾಲಿಗೆಯ ಹೆದರಿಕೆಯಿಂದ. ತಮ್ಮ ಕೃಪೆಯಿಂದ ಅದು ಒಂದೇ ದಿನದಲ್ಲಿ ಇಳಿದುಹೋಯಿತು. ಮಗ್ಗ ರಿಪೇರಿಯ ಗಣಪತ ಅವರಿಗೆ ಕೈ ಮುಗಿದು, ಎಷ್ಟು ಸೌಮ್ಯ ಸ್ವಭಾವ ನಿಮ್ಮದು, ನಾವೇ ತಪ್ಪು ತಿಳಿದಿದ್ದೆವು ಅಂದ. ನಳದ ಹತ್ತಿರ ಒಬ್ಬಳು ಅವರ ಕೊಡದ ಮುಂದೆ ತನ್ನ ಕೊಡ ಇಟ್ಟಳು. ಮಾವಶಿ ಒಳಗೆ ಬಂದು ನನ್ನ ಎದುರು ನಿಂತು ಒಂದೇ ಮಾತು ಕೇಳಿದರು: "ಕಾಜಲ, ನನ್ನ ನಾಲಿಗಿ ಎಲ್ಲಿ ಇಟ್ಟಿ?"

ಆಮೇಲೆ ಮಾತು ಬಿಟ್ಟರು. ನನ್ನ ಕಡೆ ನೋಡಬೇಕಾಗಿ ಬಂದರೆ ಸೆರಗಿನಿಂದ ತುಟಿ ಮುಚ್ಚಿಕೊಳ್ಳುತ್ತಿದ್ದರು. ಗುರುವಾರ ಬಂತು, ಬರೆಯಲು ಒಂದು ಅಕ್ಷರವಿರಲಿಲ್ಲ. ನಾಲಿಗೆ ಕಳೆದದ್ದು ತಾವು, ಲೆಕ್ಕ ಕೇಳಿದ್ದು ನನ್ನನ್ನು. ಯಶಸ್ವಿ ಬ್ಲಾಗನ್ನು ಕಾಪಾಡಿಕೊಳ್ಳುವ ಬಗ್ಗೆ ಕೋಟಿನ ಮಹನೀಯರು ಬಹಳ ಹೇಳಿದ್ದಾರೆ. ಬ್ಲಾಗಿನ ಜೀವವೇ ಸೆರಗು ಅಡ್ಡ ಹಿಡಿದರೆ ಏನು ಮಾಡಬೇಕೆಂದು ಹೇಳಿಲ್ಲ.

ಕಡೆಗೆ ಕಾಪಾಡಿದ್ದು ಕರೆಂಟು. ಒಂದು ಮಧ್ಯಾಹ್ನ ಅದು ಹೋಗಿ ಮಗ್ಗಗಳೆಲ್ಲ ನಿಂತವು. ಹೆಂಗಸರೆಲ್ಲ ಬುತ್ತಿ ಬಿಚ್ಚಿ ಕೂತಿದ್ದರು. ಮಾವಶಿ ನನ್ನ ಫೋನು ತಂದು ನನ್ನ ತೊಡೆಯ ಮೇಲಿಟ್ಟು, "ಓದು. ನಾ ಅಂದಿದ್ದ ಓದು, ಆ ಗುಂಡಿ ಅಂದಿದ್ದಲ್ಲ" ಅಂದರು. ಬಸ್ಸಿನಲ್ಲಿ ಹೋಗಬೇಕಾದ ಊರ ಹೆಸರು ಹೇಳಲಾಗದವಳು ನಾನು. ಆದರೆ ಸೆರಗು ಅವರ ತುಟಿಯಿಂದ ಇಳಿದಿತ್ತು; ಅದು ಮತ್ತೆ ಮೇಲೇರುವುದರೊಳಗೆ ಓದಬೇಕಾಗಿತ್ತು. ಓದಿದೆ. ಮಗ್ಗದ ಗಲ್ಲಿಯಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲವೆಂಬುದು ನನಗೂ ಅಂದೇ ತಿಳಿಯಿತು. ನನ್ನ ದನಿ ತಗಡಿಗೆ ಬಡಿದು ರಸ್ತೆಯವರೆಗೆ ಹೋಯಿತು. ಹಿಂಡಿಯ ಮಾತಿಗೆ ಬಂದಾಗ ಹೆಂಗಸರು ರೊಟ್ಟಿ ಬಿಟ್ಟು ನಕ್ಕರು. ಆಗಲೇ ಕಂಡದ್ದು, ಕರೆಂಟು ಯಾವಾಗ ಬರುತ್ತದೆಂದು ಕೇಳಲು ಬಂದಿದ್ದ ಸಿದ್ಧಲಿಂಗ ಶೇಟ್‌ರು ಬಾಗಿಲಲ್ಲಿ ನಿಂತಿದ್ದರು. ಜೇಬಿನ ಫೋನು ಮುಟ್ಟಿ ನೋಡಿಕೊಂಡು, "ಇದನ್ನ ನಾ ಬೀಗರಿಗೆ ಕಳಿಸಿಬಿಟ್ಟೇನಲ್ಲ, ಅವರಿಗೆ ಕನ್ನಡ ಓದಾಕ ಬರತೈತಿ" ಅಂದರು.

ಮರುದಿನ ಬೆಳಿಗ್ಗೆ ನಮ್ಮ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಸ್ವಲ್ಪ ಸೆಗಣಿಯ ವಾಸನೆ ಬರುತ್ತಿತ್ತು. ಶೇಟ್‌ರು ಹೊಸದು ತಂದಿರಲಿಲ್ಲ, ಎಮ್ಮೆಯ ಕೊಟ್ಟಿಗೆಯದನ್ನೇ ಬಿಚ್ಚಿ ಇಲ್ಲಿ ಹಾಕಿಸಿದ್ದರು. ಮಾವಶಿ ಅದರ ಕೆಳಗೆ ಕೂತು, ನನ್ನ ಕಡೆ ತಿರುಗಿ, ಎಂಟು ದಿನದ ಮೇಲೆ ಬರೆಯಲು ಮಾತು ಕೊಟ್ಟರು: "ಎಮ್ಮಿದು ಕಸಗೊಂಡು ನಮಗ ಕೊಟ್ಟಾನ. ಇನ್ನ ಎಮ್ಮಿ ಪರವಾಗಿ ಯಾರ ಮಾತಾಡಬೇಕ? ಬರಕೋ."

ಬರೆದುಕೊಂಡೆ. ಈಗ ಗಲ್ಲಿಯ ಯಾರೂ ತಮ್ಮನ್ನು ಒತ್ತುವುದಿಲ್ಲ. ಕರೆಂಟು ಹೋದಾಗ ಇಲ್ಲಿಗೇ ಬಂದು ಕೂರುತ್ತಾರೆ. ಬ್ಲಾಗಿಗೆ ಬರುವವರ ಸಂಖ್ಯೆ ಮೊದಲಿನಂತೆ ಕೈಬೆರಳಿನ ಲೆಕ್ಕಕ್ಕೆ ಇಳಿದಿದೆ, ಶೆಡ್ಡಿನಲ್ಲಿ ಕೂರಲು ಜಾಗವಿಲ್ಲ. ಇದನ್ನು ಯಶಸ್ಸು ಎನ್ನಬೇಕೋ ಬೇಡವೋ ಕೋಟಿನ ಮಹನೀಯರನ್ನು ಕೇಳಬೇಕು.

ಆದಕಾರಣ ತಮ್ಮಲ್ಲಿ ವಿನಂತಿ: ತಾವು ಒಂದು ಬೇಸಿಗೆ ನಮ್ಮ ಶೆಡ್ಡಿಗೆ ಬಂದು, ಹಿರಾ ಮಾವಶಿಯ ಎಡಕ್ಕೆ ಕೂತು, ನೂಲು ಸುತ್ತುತ್ತ ಅವರ ತುಟಿ ನೋಡಿ ಕಲಿಯಬೇಕು. ಬುತ್ತಿಯನ್ನು ನಾನೇ ತರುತ್ತೇನೆ. ತಮಗೆ ಬೆರಳು, ಕಣ್ಣು, ಹೊಟ್ಟೆ ಇಲ್ಲವೆಂಬುದನ್ನು ಅಡ್ಡಿಯೆಂದು ತಿಳಿಯಬೇಡಿ. ಅವು ಇಲ್ಲದೆಯೇ ತಾವು ಇಷ್ಟು ಮಾಡಿದ್ದೀರಿ.

ಒತ್ತಿದರೂ ಒತ್ತದಿದ್ದರೂ
ತಮ್ಮ ವಿಶ್ವಾಸಿ,
ಕಾಜಲ

ತಾ.ಕ.: ಎಮ್ಮೆಯ ಪರವಾಗಿ ಬರೆದದ್ದರ ಕೆಳಗೆ, ಹೆಸರು ಹಾಕದ ಆ ಓದುಗರು ಮೊದಲ ಸಲ ಬೇರೆ ಮಾತು ಬರೆದಿದ್ದಾರೆ: "ಚೆನ್ನಾಗಿದೆ. ನಮ್ಮ ರುತುಜಾಳ ಮಾವನವರಿಗೆ ತಿಳಿಸಿ, ಫ್ಯಾನ್ ಕೊಳ್ಳುವುದು ಕಷ್ಟವಾದರೆ ಗಡಹಿಂಗ್ಲಜದಿಂದ ಎರಡು ಕಳಿಸುತ್ತೇವೆ, ಒಂದು ಎಮ್ಮೆಗೆ. ಮುಂದುವರಿಸಿ." ಇದೊಂದನ್ನು ಮಾತ್ರ, ದಯಮಾಡಿ, ಇದ್ದದ್ದು ಇದ್ದಂತೆಯೇ ಶೇಟ್‌ರಿಗೆ ಮರಾಠಿಯಲ್ಲಿ ತೋರಿಸಿ.